ಹಗೆಯವನ ಕತ್ತೆ ಬಿದ್ದಾಗ

ನಿಮಗೆ ಆಗದವರೊಬ್ಬರ ಕತ್ತೆ ಹೊರೆ ತಾಳಲಾರದೆ ನಡುದಾರಿಯಲ್ಲಿ ಮಂಡಿಯೂರಿದೆ. ಒಡೆಯ ಒಬ್ಬನೇ ನಿಂತು ಹಗ್ಗ ಜಗ್ಗುತ್ತಿದ್ದಾನೆ. ನೀವು ಅದೇ ದಾರಿಯಲ್ಲಿ ಬರುತ್ತಿದ್ದೀರಿ. ಆತನ ಮುಖ ಕಂಡರೇ ನಿಮಗೆ ಮೈಯುರಿ. ಕಂಡೂ ಕಾಣದಂತೆ ಹೋಗಿಬಿಡಬಹುದೆ?

ಯಹೂದಿಗಳ ಧರ್ಮಗ್ರಂಥವಾದ ತೋರಾ ಈ ಪ್ರಶ್ನೆಯನ್ನು ಕತ್ತೆಯ ಸಮೇತವೇ ಎತ್ತಿಕೊಳ್ಳುತ್ತದೆ. ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ: ಹೋಗುವಂತಿಲ್ಲ, ನಿಂತು ಹೊರೆ ಇಳಿಸಬೇಕು. ಅದಕ್ಕೆ ಮುಂಚಿನ ಸಾಲಿನಲ್ಲಿ ಇನ್ನೊಂದು ಕಟ್ಟಳೆ. ಹಗೆಯವನ ಎತ್ತೋ ಕತ್ತೆಯೋ ತಪ್ಪಿಸಿಕೊಂಡು ಅಲೆಯುತ್ತಿದ್ದರೆ ಹಿಡಿದು ಅವನಿಗೆ ಮುಟ್ಟಿಸಬೇಕು. ಅವನನ್ನು ಪ್ರೀತಿಸಬೇಕೆಂದು ಇಲ್ಲಿ ಹೇಳಿಲ್ಲ. ನಿನ್ನ ಮನಸ್ಸು ತಿಳಿಯಾಗುವವರೆಗೆ ಕಾಯಿ ಎಂದೂ ಹೇಳಿಲ್ಲ. ಕೈ ಏನು ಮಾಡಬೇಕು ಎಂಬುದನ್ನಷ್ಟೇ ಹೇಳಿದೆ.

ನಾನು ಈ ಕತ್ತೆಯ ಬೆನ್ನು ಹತ್ತಿದ್ದು ಪುಣೆಯಲ್ಲಿ ನೆಲೆಸಿದ ಮೇಲೆ. ಇಲ್ಲಿ ಯಹೂದಿಗಳ ಸಂಖ್ಯೆ ತೀರ ಕಡಿಮೆ. ಆದರೆ ಅವರ ಗುರುತು ಊರಿನ ನಡುವೆಯೇ ಇದೆ. ಕ್ಯಾಂಪ್ ಬಡಾವಣೆಯಲ್ಲಿರುವ ಕೆಂಪು ಇಟ್ಟಿಗೆಯ, ಗಡಿಯಾರ ಗೋಪುರದ ಓಹೆಲ್ ಡೇವಿಡ್ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ರಿಕ್ಷಾದವರ ಬಾಯಲ್ಲಿ ‘ಲಾಲ್ ದೇವಳ್’. ಬಾಗ್ದಾದಿನಲ್ಲಿ 1792ರಲ್ಲಿ ಹುಟ್ಟಿ, ಮುಂಬೈಯಲ್ಲಿ ವ್ಯಾಪಾರ ಬೆಳೆಸಿದ ಡೇವಿಡ್ ಸಸೂನ್ 1863ರಲ್ಲಿ ಇದರ ಕೆಲಸ ಶುರು ಮಾಡಿಸಿದ. ಮುಗಿದದ್ದು 1867ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡಿದ್ದ, ಸಮಾಧಿ ಅದೇ ಅಂಗಳದಲ್ಲಿದೆ. ಅಲ್ಲಿಂದ ಸ್ವಲ್ಪ ದೂರದ ರಾಸ್ತಾ ಪೇಟೆಯಲ್ಲಿ ಇನ್ನೊಂದು ಸಿನಗಾಗ್ ಇದೆ. ಹೆಸರು ಸುಕ್ಕತ್ ಶೆಲೊಮೊ. 1921ರಲ್ಲಿ ಕಟ್ಟಿದ್ದು, ಬೆನೆ ಇಸ್ರೇಲರದು.

ಬೆನೆ ಇಸ್ರೇಲರು ಮರಾಠಿ ಮನೆಮಾತಿನ ಯಹೂದಿಗಳು. ಅಲಿಬಾಗಿನ ಹತ್ತಿರದ ನವಗಾಂವದ ದಡದಲ್ಲಿ ಹಡಗು ಒಡೆದು, ಬದುಕುಳಿದ ಏಳು ಗಂಡಸರು, ಏಳು ಹೆಂಗಸರ ಸಂತತಿ ತಾವು ಎಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣದ ಕಸುಬು ಮಾಡುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ‘ಶನಿವಾರ ತೇಲಿ’ ಎಂಬ ಹೆಸರು ಬಿತ್ತು. ನಮಗೆ ತೀರ ಹೊರಗಿನವರೇನಲ್ಲ. ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, 1966ರಲ್ಲಿ ಪದ್ಮಶ್ರೀ ಪಡೆದ ಡಾ. ಜೆರುಶಾ ಝಿರಾಡ್ ಈ ಸಮುದಾಯದವರು. ಅವರು ಹುಟ್ಟಿದ್ದು ಶಿವಮೊಗ್ಗದಲ್ಲಿ, ಶಾಲೆ ಓದಿದ್ದು ಪುಣೆಯಲ್ಲಿ.

ಈಗ ಕತ್ತೆಯ ಕಡೆಗೆ ಬರೋಣ. ತೋರಾದ ಒಂದೆರಡು ಸಾಲನ್ನು ಯಹೂದಿ ಪಂಡಿತರು ಶತಮಾನಗಳ ಕಾಲ ಬಿಡಿಸಿ, ಎಳೆದು, ಜಗಳವಾಡಿ ದಿನಬಳಕೆಯ ಕಾನೂನು ಮಾಡಿಕೊಂಡರು. ಆ ಚರ್ಚೆಗಳ ದೊಡ್ಡ ಸಂಗ್ರಹವೇ ತಾಲ್ಮೂದ್. ಅಲ್ಲಿ ಬಾವಾ ಮೆಟ್ಸಿಯಾ ಎಂಬ ಭಾಗದಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ದಾರಿಯಲ್ಲಿ ಎರಡು ಕತ್ತೆಗಳಿವೆ. ಗೆಳೆಯನ ಕತ್ತೆ ಭಾರದಡಿ ಬಿದ್ದಿದೆ, ಅದರ ಹೊರೆ ಇಳಿಸಬೇಕು. ಹಗೆಯವನ ಕತ್ತೆ ಸುಮ್ಮನೆ ನಿಂತಿದೆ, ಅದಕ್ಕೆ ಹೊರೆ ಏರಿಸಬೇಕು. ಬೇರೆ ಸಂದರ್ಭದಲ್ಲಾದರೆ ಇಳಿಸುವುದೇ ಮೊದಲು, ಏಕೆಂದರೆ ಮೂಕಪ್ರಾಣಿ ನೋಯುತ್ತಿದೆ. ಆದರೆ ಇಲ್ಲಿ ತೀರ್ಪು ತಿರುಗಿ ಬೀಳುತ್ತದೆ: ಮೊದಲು ಹಗೆಯವನ ಹತ್ತಿರ ಹೋಗಬೇಕು. ಕಾರಣ, ಮನುಷ್ಯನೊಳಗೆ ‘ಯೇತ್ಸರ್’ ಎಂಬ ಒಂದು ಸೆಳೆತವಿದೆ, ಅದು ಸದಾ ಬೇಕಾದವರ ಕಡೆಗೇ ಎಳೆಯುತ್ತದೆ. ಅದನ್ನು ಬಗ್ಗಿಸುವ ಅವಕಾಶ ದಾರಿಯಲ್ಲೇ ಸಿಕ್ಕಿದೆ, ಬಿಡಬಾರದು. ಗೆಳೆಯನಿಗೆ ನೆರವಾಗಲು ಯಾರ ಕಟ್ಟಳೆಯೂ ಬೇಕಿಲ್ಲವಲ್ಲ.

ಹಾಗೆಂದು ಕಾನೂನು ಕುರುಡಲ್ಲ. ಮೂಲದಲ್ಲಿ ‘ಅವನ ಜೊತೆ’ ಎಂಬ ಪದವಿದೆ, ಪಂಡಿತರು ಅದನ್ನು ಗಟ್ಟಿಯಾಗಿ ಹಿಡಿದರು. ಒಡೆಯ ಕಲ್ಲಿನ ಮೇಲೆ ಕೂತು, ಧರ್ಮ ನಿನ್ನದು, ನೀನೇ ಇಳಿಸಿಕೋ ಎಂದರೆ ನೀವು ನಿಮ್ಮ ದಾರಿ ಹಿಡಿಯಬಹುದು. ಅವನು ಮುದುಕನೋ ಕಾಯಿಲೆಯವನೋ ಆಗಿದ್ದರೆ ಮಾತ್ರ ಒಬ್ಬರೇ ಮಾಡಿಕೊಡಬೇಕು. ಇನ್ನೊಂದು ಕಡೆಯಿಂದಲೂ ಅವರು ಬಿಗಿ ಮಾಡಿದ್ದಾರೆ. ಇಳಿಸಿದ ಮೇಲೆ ಕತ್ತೆ ಮತ್ತೆ ಬಿದ್ದರೆ, ನಾಲ್ಕು ಸಲ, ಐದು ಸಲ ಬಿದ್ದರೂ, ನಿಲ್ಲಬೇಕು. ಒಂದು ಸಲ ಮಾಡಿದೆನಲ್ಲ ಎಂಬ ನೆವ ನಡೆಯುವುದಿಲ್ಲ.

ನಿಮ್ಮ ಸಿಟ್ಟಿಗೆ ನ್ಯಾಯವಾದ ಕಾರಣವಿದ್ದರೆ? ಅವನು ನಿಜವಾಗಿಯೂ ಕೆಟ್ಟದ್ದನ್ನು ಮಾಡಿರುವುದನ್ನು ನೀವೇ ಕಣ್ಣಾರೆ ಕಂಡಿದ್ದರೆ? ಅದನ್ನೂ ಕೇಳಿದ್ದಾರೆ. 12ನೇ ಶತಮಾನದ ಮಹಾಪಂಡಿತ, ವೃತ್ತಿಯಿಂದ ವೈದ್ಯ, ಮೈಮೊನಿಡಿಸ್ ಕೊಡುವ ಉತ್ತರ ನನಗೆ ಬಹಳ ಹಿಡಿಸಿತು. ಅವನು ತಪ್ಪಿತಸ್ಥನೇ ಇರಲಿ, ಪಶ್ಚಾತ್ತಾಪವನ್ನೂ ಪಡದೇ ಇರಲಿ. ನೀವು ಬಿಟ್ಟುಹೋದರೆ ಅವನು ತನ್ನ ಸರಕಿನ ಆಸೆಗೆ ಅಲ್ಲೇ ಉಳಿಯುತ್ತಾನೆ, ಜೀವಕ್ಕೆ ಅಪಾಯವಾದೀತು. ಅವನ ಗುಣದ ತೂಕ ಆಮೇಲೆ ನೋಡಿಕೊಳ್ಳಬಹುದು, ಸದ್ಯಕ್ಕೆ ಅವನು ದಾರಿಯಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯ.

ಇಲ್ಲಿ ಒಂದು ಪದದ ಸೊಗಸಿದೆ, ಅದು ಕನ್ನಡದವರಿಗೆ ಥಟ್ಟನೆ ಹತ್ತುತ್ತದೆ. ನೆರವಾಗು ಎನ್ನಲು ಹೀಬ್ರೂ ಮೂಲದಲ್ಲಿ ಬಳಸಿದ ‘ಅಜೋವ್’ ಎಂಬ ಪದಕ್ಕೆ ‘ಬಿಟ್ಟುಬಿಡು’ ಎಂಬ ಅರ್ಥವೂ ಇದೆ. ತೋರಾವನ್ನು ಅರಮಾಯಿಕ್ ಭಾಷೆಗೆ ತಂದ ಓಂಕೆಲೋಸ್ ಎರಡನ್ನೂ ಉಳಿಸಿಕೊಂಡ. ಅವನ ಬಗ್ಗೆ ನಿನ್ನ ಎದೆಯಲ್ಲಿರುವುದನ್ನು ಮೊದಲು ಬಿಡಬೇಕು, ಆಮೇಲೆ ಅವನ ಜೊತೆ ಹೊರೆ ಬಿಡಿಸಬೇಕು ಎಂಬುದು ಅವನ ಅನುವಾದದ ತಿರುಳು. ಬಿಡುವುದು, ಬಿಡಿಸುವುದು. ಅರಮಾಯಿಕ್ ಎರಡು ಪದಗಳಲ್ಲಿ ಹೇಳಿದ್ದು ಕನ್ನಡದಲ್ಲಿ ಒಂದೇ ಧಾತುವಿನಿಂದ ಹೊರಡುತ್ತದೆ.

ಆದರೆ ಬಿಡುವುದು ಮೊದಲೋ, ಬಿಡಿಸುವುದು ಮೊದಲೋ? ಮಿದ್ರಾಶ್ ಎಂಬ ಕಥಾ ಸಾಹಿತ್ಯದಲ್ಲಿ ಇಬ್ಬರು ಕತ್ತೆ ಹೊಡೆಯುವವರ ಪ್ರಸಂಗವಿದೆ. ಪರಸ್ಪರ ಆಗದವರು. ಒಬ್ಬನ ಕತ್ತೆ ಕುಸಿಯಿತು, ಇನ್ನೊಬ್ಬ ದಾಟಿ ಮುಂದೆ ಹೋದ. ಹೋದವನಿಗೆ ಕಟ್ಟಳೆ ನೆನಪಾಗಿ ಹಿಂದಿರುಗಿದ. ಅವನ ಮನಸ್ಸೇನೂ ಕರಗಿರಲಿಲ್ಲ. ಇಬ್ಬರೂ ಹೊರೆಗೆ ಕೈ ಹಚ್ಚಿದರು. ಈ ಕಡೆ ಸ್ವಲ್ಪ ಸಡಿಲಿಸು, ಆ ಕಡೆ ಎತ್ತು ಎಂದು ಮಾತಾಡಲೇಬೇಕಾಯಿತು. ಕತ್ತೆ ಎದ್ದು ನಿಲ್ಲುವ ಹೊತ್ತಿಗೆ, ಇವನು ನನ್ನ ಹಗೆಯವನು ಎಂದುಕೊಂಡಿದ್ದೆನಲ್ಲ ಎಂದು ಮೊದಲನೆಯವನಿಗೆ ಅನ್ನಿಸಿತ್ತು. ಛತ್ರಕ್ಕೆ ಹೋಗಿ ಜೊತೆಯಲ್ಲಿ ಉಂಡರು. ಕೈ ಮೊದಲು, ಮನಸ್ಸು ಅದರ ಹಿಂದೆ ಎಂಬುದು ಇಡೀ ಕಟ್ಟಳೆಯ ಯಂತ್ರ.

ನನ್ನ ಮಟ್ಟಿಗೆ ಈ ಯಂತ್ರವನ್ನು ಪರೀಕ್ಷಿಸುವ ಸಂದರ್ಭ ಒಂದು ಮಳೆಗಾಲದ ಬೆಳಿಗ್ಗೆ ಬಂತು. ನಮ್ಮ ಮೇಲಿನ ಫ್ಲ್ಯಾಟಿನವರ ಬಚ್ಚಲಿನಿಂದ ನಮ್ಮ ಗೋಡೆಗೆ ನೀರು ಇಳಿಯುತ್ತಿತ್ತು. ಎರಡು ವರ್ಷದ ಜಗಳ, ಮಾತು ನಿಂತಿತ್ತು. ಅವತ್ತು ಅವರ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿದೆ ಎಂದು ಸದ್ದಿನಲ್ಲೇ ಗೊತ್ತಾಯಿತು. ನಾನು ಕಿಟಕಿಯಲ್ಲಿ ನಿಂತಿದ್ದೆ, ಜಂಪರ್ ಕೇಬಲ್ ನನ್ನ ಡಿಕ್ಕಿಯಲ್ಲಿತ್ತು. ಹೊಟ್ಟೆಯಲ್ಲಿ ಸಣ್ಣ ಸಂತೋಷವೊಂದು ಎದ್ದದ್ದನ್ನು ಒಪ್ಪಿಕೊಳ್ಳಬೇಕು. ಹಗೆಯವನು ಬಿದ್ದಾಗ ಹಿಗ್ಗಬೇಡ ಎಂದು ಯಹೂದಿ ಧರ್ಮಗ್ರಂಥಗಳಲ್ಲೊಂದಾದ ಜ್ಞಾನೋಕ್ತಿಗಳ 24ನೇ ಅಧ್ಯಾಯ ಎಚ್ಚರಿಸುವುದು ಇದನ್ನೇ ಇರಬೇಕು. ಕೆಳಗಿಳಿದೆ. ಆ ಕೇಬಲಿನ ಕೆಲಸಕ್ಕೆ ಇಬ್ಬರು ಬೇಕು. ಕೆಂಪು ಪ್ಲಸ್‌ಗೆ, ಕಪ್ಪು ಇಂಜಿನ್ನಿನ ಲೋಹಕ್ಕೆ, ನೀವು ಸ್ವಲ್ಪ ಆಕ್ಸಿಲರೇಟರ್ ಕೊಡಿ, ಈಗ ಕೀ ತಿರುಗಿಸಿ. ಎರಡು ವರ್ಷಗಳಲ್ಲಿ ಅಷ್ಟು ಮಾತು ನಮ್ಮ ನಡುವೆ ಆಗಿರಲಿಲ್ಲ. ‘ಅವನ ಜೊತೆ’ ಎಂಬ ಪದವನ್ನು ಪಂಡಿತರು ಏಕೆ ಅಷ್ಟು ಗಟ್ಟಿಯಾಗಿ ಹಿಡಿದರು ಎಂಬುದು ಆಗ ಅರ್ಥವಾಯಿತು. ಒಬ್ಬರೇ ಮಾಡಿಕೊಟ್ಟ ಉಪಕಾರ ಭಿಕ್ಷೆಯಾಗಿಬಿಡಬಹುದು. ಇಬ್ಬರೂ ಕೈ ಹಾಕಿದರೆ ಅದು ಕೆಲಸ.

ಗೋಡೆ ಇನ್ನೂ ಒಣಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ತೋರಾದ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ಕಟ್ಟಳೆಗಳಿವೆ. ಸೇಡು ತೀರಿಸಬೇಡ, ಕಡುಹಗೆ ಇಟ್ಟುಕೊಳ್ಳಬೇಡ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳಿದೆ. ವ್ಯತ್ಯಾಸವೇನು? ತಾಲ್ಮೂದಿನ ಯೋಮಾ ಭಾಗ ಕುಡುಗೋಲು, ಕೊಡಲಿ ಹಿಡಿದು ವಿವರಿಸುತ್ತದೆ. ನೀವು ನೆರೆಯವನಲ್ಲಿ ಕುಡುಗೋಲು ಕೇಳಿದಿರಿ, ಕೊಡಲಿಲ್ಲ. ಮಾರನೆಯ ದಿನ ಅವನು ನಿಮ್ಮಲ್ಲಿ ಕೊಡಲಿ ಕೇಳಿದ. ನೀನು ಕೊಡಲಿಲ್ಲ, ನಾನೂ ಕೊಡುವುದಿಲ್ಲ ಎಂದರೆ ಅದು ಸೇಡು. ತೆಗೆದುಕೋ, ನಾನು ನಿನ್ನ ಹಾಗಲ್ಲ ಎಂದು ಚುಚ್ಚಿ ಕೊಟ್ಟರೆ ಅದು ಕಡುಹಗೆ. ಎರಡೂ ನಿಷಿದ್ಧ.

ಎರಡನೆಯದೇ ನಮ್ಮಂಥವರ ರೋಗ. ಕೊಡಲಿ ಕೊಟ್ಟಿರುತ್ತೇವೆ, ಜಗತ್ತಿನ ಕಣ್ಣಿಗೆ ಒಳ್ಳೆಯವರೇ. ಆದರೆ ಕೊಡಲಿಯ ಜೊತೆ ಹಳೆಯ ಲೆಕ್ಕದ ಚೀಟಿಯನ್ನೂ ಕೊಟ್ಟಿರುತ್ತೇವೆ. ಕನ್ನಡದಲ್ಲಿ ‘ಮುಯ್ಯಿ’ ಎಂಬ ಪದವಿದೆಯಲ್ಲ, ಮದುವೆಯಲ್ಲಿ ಓದಿಸುವ ಉಡುಗೊರೆಯೂ ಮುಯ್ಯಿ, ತೀರಿಸಿಕೊಳ್ಳುವ ಸೇಡೂ ಮುಯ್ಯಿ. ಒಳಿತಿಗಾಗಲಿ ಕೆಡುಕಿಗಾಗಲಿ, ಬರೆದಿಟ್ಟುಕೊಂಡ ಲೆಕ್ಕ ಎಂಬುದೇ ಅದರ ಅರ್ಥ. ಯಹೂದಿ ಕಟ್ಟಳೆ ಕೇಳುವುದು ಆ ಪುಸ್ತಕವನ್ನೇ ಮುಚ್ಚಬೇಕೆಂದು. ಕಡುಹಗೆಗೆ ಹೀಬ್ರೂವಿನಲ್ಲಿರುವ ಪದದ ಮೂಲಾರ್ಥ ಕಾಯ್ದಿಡುವುದು, ಕಾವಲಿರುವುದು. ಬಯಲುಸೀಮೆಯವರಿಗೆ ನೆಲದಡಿಯ ಹಗೇವು ಗೊತ್ತು. ಜೋಳ ಸುರಿದು, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಯ್ದಿಡುವ ಗುಂಡಿ. ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಮಡುಗಟ್ಟಿದ ಗಾಳಿ ಇಳಿದವನ ಉಸಿರು ಕಟ್ಟಿಸುತ್ತದೆ. ಹಗೆ, ಹಗೇವು ಎಂಬ ಎರಡು ಪದಗಳನ್ನು ನಾನು ಈಗ ಒಟ್ಟಿಗೇ ನೆನೆಯುತ್ತೇನೆ.

ಹಾಗಾದರೆ ಬಾಯಿ ಮುಚ್ಚಿಕೊಂಡು ಸಹಿಸಬೇಕೆ? ಇಲ್ಲ. ಅದೇ ಅಧ್ಯಾಯದಲ್ಲಿ, ಅದೇ ಉಸಿರಿನಲ್ಲಿ, ಒಳಗೊಳಗೆ ದ್ವೇಷಿಸಬೇಡ, ಎದುರಿಗೇ ಹೇಳು ಎಂಬ ಆಜ್ಞೆಯಿದೆ. ನಗುತ್ತ ಮಾತಾಡಿಸಿ ಒಳಗೆ ಕುದಿಯುವುದನ್ನೇ ಈ ಸಂಪ್ರದಾಯ ಹೆಚ್ಚಿನ ತಪ್ಪೆಂದು ಎಣಿಸುತ್ತದೆ. ಹೇಳುವ ರೀತಿಯನ್ನೂ ಮೈಮೊನಿಡಿಸ್ ವಿಧಿಸಿದ್ದಾನೆ. ಇಬ್ಬರೇ ಇರುವಾಗ, ಮೆತ್ತಗೆ, ನೀನು ನನಗೆ ಹೀಗೇಕೆ ಮಾಡಿದೆ ಎಂದು ಕೇಳಬೇಕು. ನಾಲ್ಕು ಜನರೆದುರು ಅವನ ಮುಖ ಕೆಡಿಸುವಂತಿಲ್ಲ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒದ್ದೆ ಗೋಡೆಯ ಫೋಟೊ ಹಾಕಿ, ಫ್ಲ್ಯಾಟ್ ನಂಬರ್ ಬರೆಯುವುದು ಈ ವಿಧಾನವಲ್ಲ, ನಾನು ಮಾಡಿದ್ದು ಅದನ್ನೇ. ಕೇಬಲಿನ ಘಟನೆಯ ಒಂದು ವಾರದ ನಂತರ ಮೇಲೆ ಹೋಗಿ ಬಾಗಿಲು ತಟ್ಟಿದೆ. ಪೈಪ್ ಒಡೆದು ನೋಡಲು ಅವರು ಒಪ್ಪಿದ್ದಾರೆ, ಖರ್ಚಿನ ಮಾತು ನಡೆಯುತ್ತಿದೆ. ಹಕ್ಕು ಬಿಟ್ಟುಕೊಡಬೇಕೆಂದು ಈ ಬೋಧನೆ ಎಲ್ಲಿಯೂ ಹೇಳುವುದಿಲ್ಲ. ನ್ಯಾಯಾಲಯಕ್ಕೆ ಹೋಗುವ, ಹೊಡೆಯಲು ಬಂದವನಿಂದ ಕಾಪಾಡಿಕೊಳ್ಳುವ ದಾರಿಗಳೆಲ್ಲ ಅದರಲ್ಲಿ ತೆರೆದೇ ಇವೆ.

ಇನ್ನೊಬ್ಬರ ನಡತೆಯನ್ನು ತೂಗುವಾಗ ಒಳ್ಳೆಯ ಕಡೆಯ ತಟ್ಟೆಗೆ ಭಾರ ಹಾಕಬೇಕು ಎಂಬ ಸಲಹೆಯೂ ಇದೆ. ಇದು ನೆನಪಿಡಲು ಸುಲಭ, ಪಾಲಿಸಲು ಕಷ್ಟ. ಫೋನ್ ಎತ್ತದವನು ಬೇಕೆಂದೇ ಎತ್ತಲಿಲ್ಲ ಎಂದು ತೀರ್ಮಾನಿಸುವ ಮುಂಚೆ ಇನ್ನೊಂದು ಕಾರಣವನ್ನಾದರೂ ಊಹಿಸಿ ನೋಡಬೇಕು.

ಹಗೆಯವನು ಬೇರೆ ಧರ್ಮದವನಾದರೆ? ಬೇರೆ ಜನಾಂಗದ ಬಡವರನ್ನೂ ಸಾಕಬೇಕು, ಅವರ ರೋಗಿಗಳನ್ನೂ ನೋಡಬೇಕು, ಅವರ ಸತ್ತವರನ್ನೂ ಮಣ್ಣು ಮಾಡಬೇಕು ಎಂದು ತಾಲ್ಮೂದ್ ‘ಶಾಂತಿಯ ದಾರಿಗಳು’ ಎಂಬ ಹೆಸರಿನಲ್ಲಿ ವಿಧಿಸುತ್ತದೆ. ಪುಣೆ ಸ್ಟೇಷನ್ನಿನ ಹತ್ತಿರದ ಸಸೂನ್ ಆಸ್ಪತ್ರೆ ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ. ಡೇವಿಡ್ ಸಸೂನನ ದಾನದಿಂದ ಎದ್ದು 1867ರಲ್ಲಿ ತೆರೆದ ಆಸ್ಪತ್ರೆ ಅದು. ಆ ಮನೆತನದ ಸಂಪತ್ತಿನಲ್ಲಿ ಚೀನಾಕ್ಕೆ ಸಾಗಿಸಿದ ಅಫೀಮಿನ ಹಣವೂ ಸೇರಿತ್ತು ಎಂಬುದನ್ನು ಮುಚ್ಚಿಡಬಾರದು. ಅದೇ ಆಸ್ಪತ್ರೆಯಲ್ಲಿ 1924ರ ಜನವರಿ 12ರ ರಾತ್ರಿ ನಡೆದದ್ದನ್ನೂ ಮರೆಯಬಾರದು. ಬ್ರಿಟಿಷ್ ಸರ್ಕಾರ ರಾಜದ್ರೋಹದ ಅಪರಾಧಕ್ಕೆ ಆರು ವರ್ಷ ಶಿಕ್ಷೆ ಕೊಟ್ಟು ಯೆರವಡಾ ಜೈಲಿನಲ್ಲಿಟ್ಟಿದ್ದ ಗಾಂಧೀಜಿಗೆ ಅಪೆಂಡಿಸೈಟಿಸ್ ಆಗಿತ್ತು. ಚಾಕು ಹಿಡಿದವರು ಅದೇ ಸರ್ಕಾರದ ಸರ್ಜನ್ ಕರ್ನಲ್ ಮ್ಯಾಡಕ್. ಮುಂಬೈಯಿಂದ ಬೇರೆ ವೈದ್ಯರು ಬರುವವರೆಗೆ ಕಾಯುವಷ್ಟು ಸಮಯವಿರಲಿಲ್ಲ. ಕೈದಿಗೆ ಏನಾದರೂ ಆದರೆ ದೇಶ ಹೊತ್ತಿ ಉರಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತು. ತಮಗೆ ವೈದ್ಯರ ಮೇಲೆ ಪೂರ್ಣ ವಿಶ್ವಾಸವಿದೆ ಎಂಬ ಹೇಳಿಕೆಗೆ ಗಾಂಧೀಜಿ ಆಪರೇಷನ್ನಿಗೆ ಮುಂಚೆಯೇ ನಡುಗುವ ಕೈಯಲ್ಲಿ ಸಹಿ ಹಾಕಿದರು, ಮುಖಂಡ ವಿ. ಎಸ್. ಶ್ರೀನಿವಾಸ ಶಾಸ್ತ್ರಿ ಪಕ್ಕದಲ್ಲಿದ್ದರು. ನಡುವೆ ವಿದ್ಯುತ್ ಹೋಯಿತು, ಕೊನೆಗೆ ಲಾಟೀನು ಹಿಡಿದು ಕೆಲಸ ಮುಗಿಸಿದರು. ಒಬ್ಬ ಎದುರಾಳಿ ಕೈ ಚಾಚಿದ, ಇನ್ನೊಬ್ಬ ಎದುರಾಳಿ ಆ ಕೈಯನ್ನು ನಂಬಿದ. ನಂಬುವುದೂ ಒಂದು ಉಪಕಾರವೇ ಎಂದು ಆ ರಾತ್ರಿಯ ವಿವರ ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಕಟ್ಟಳೆ ಬರೆದಿಟ್ಟುಕೊಂಡವರೇ ಸೋತದ್ದೂ ಉಂಟು. ಸಂಪ್ರದಾಯದ ಪ್ರಕಾರ ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಒಬ್ಬ ಕಡಿಮೆಯಾದರೂ ಕೆಲವು ಪ್ರಾರ್ಥನೆಗಳು ನಡೆಯುವುದಿಲ್ಲ. ಬಾಗ್ದಾದಿನಿಂದ ಬಂದ ಸಿರಿವಂತರು ಬೆನೆ ಇಸ್ರೇಲರನ್ನು ಆ ಹತ್ತರಲ್ಲಿ ಎಣಿಸಲು ಹಿಂಜರಿದ ಕಾಲವಿತ್ತು. ನೀವು ಪೂರ್ತಿ ಯಹೂದಿಗಳೇ ಎಂಬ ಅನುಮಾನ, ಅದರ ಹಿಂದೆ ಮೈಬಣ್ಣದ ತಿರಸ್ಕಾರ. ಮುಂಬೈಯಲ್ಲಿ ಸ್ಮಶಾನದಲ್ಲೂ ತಮ್ಮ ಗೋರಿಗಳನ್ನು ಬೇರೆ ಮಾಡಬೇಕೆಂದು ಬಾಗ್ದಾದಿಗಳು ಬಯಸಿದ್ದರು. ಬೆನೆ ಇಸ್ರೇಲರೊಳಗೂ ಗೋರಾ, ಕಾಳಾ ಎಂಬ ಭೇದವಿತ್ತು. ಇಸ್ರೇಲಿಗೆ ವಲಸೆ ಹೋದ ಮೇಲೂ ಅನುಮಾನ ಬೆನ್ನು ಬಿಡಲಿಲ್ಲ. ಅವರ ಮದುವೆಗಳಿಗೆ ಮೊದಲು ವಂಶ ವಿಚಾರಣೆಯಾಗಬೇಕೆಂದು ಅಲ್ಲಿನ ಪ್ರಧಾನ ಧರ್ಮಪೀಠ 1962ರಲ್ಲಿ ಸೂಚನೆ ಹೊರಡಿಸಿತು. ಬೆನೆ ಇಸ್ರೇಲರು ಬೀದಿಗಿಳಿದು ಹೋರಾಡಿದ ಮೇಲೆ 1964ರಲ್ಲಿ ಧರ್ಮಪೀಠ ಅದನ್ನು ಬದಲಿಸಬೇಕಾಯಿತು.

ಇಂಥ ಸೋಲಿನ ನೆನಪು ಯಹೂದಿಗಳ ಪಂಚಾಂಗದಲ್ಲೇ ಇದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ್ದಕ್ಕೆ ಅವ್ ತಿಂಗಳ 9ನೇ ದಿನ ಉಪವಾಸ. ಕೆಡವಿದವರು ರೋಮನ್ನರು ನಿಜ, ಆದರೆ ಮೂಲ ಕಾರಣ ನಮ್ಮೊಳಗಿನ ವಿನಾಕಾರಣ ದ್ವೇಷ ಎಂದು ತಾಲ್ಮೂದ್ ಬೆರಳನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ. ಅದಕ್ಕೊಂದು ಕಥೆ. ಜೆರುಸಲೇಮಿನ ಸಿರಿವಂತನೊಬ್ಬ ಔತಣ ಇಟ್ಟು, ಗೆಳೆಯ ಕಾಮ್ಟ್ಸಾನನ್ನು ಕರೆಯಲು ಆಳು ಕಳಿಸಿದ. ಆಳು ಹೆಸರು ತಪ್ಪಿ ಹಗೆಯವ ಬರ್ ಕಾಮ್ಟ್ಸಾನನ್ನು ಕರೆತಂದ. ಮನೆಯೊಡೆಯ ಎದ್ದು ಹೋಗೆಂದ. ಬಂದಾಗಿದೆ, ಮಾನ ಕಳೆಯಬೇಡ, ನನ್ನ ಊಟದ ಹಣ ಕೊಡುತ್ತೇನೆ ಎಂದು ಅವನು ಬೇಡಿದ. ಆಗದು. ಔತಣದ ಅರ್ಧ ಖರ್ಚು? ಆಗದು. ಪೂರ್ತಿ? ಕೈಹಿಡಿದು ಹೊರಗೆ ದಬ್ಬಿದ. ಸುತ್ತ ಕೂತಿದ್ದ ಪಂಡಿತರು ಒಬ್ಬರೂ ತುಟಿ ಬಿಚ್ಚಲಿಲ್ಲ. ಅವನು ನೇರ ರೋಮನ್ನರ ಬಳಿ ಚಾಡಿ ಹೇಳಲು ಹೋದ. ಒಂದು ಎಲೆ ಹೆಚ್ಚು ಹಾಕಿದ್ದರೆ ಮುಗಿಯುತ್ತಿತ್ತು. ಕೊಂಕಣದ ಬೆನೆ ಇಸ್ರೇಲರು ಆ ಉಪವಾಸವನ್ನು ‘ಬಿರಡ್ಯಾಚಾ ಸಣ್’ ಎನ್ನುತ್ತಿದ್ದರು. ಬಿರಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ವಾಲ್ ಕಾಳಿನ ಪಲ್ಯ, ನಮ್ಮ ಹಿತಕಿದ ಅವರೆಬೇಳೆಯ ಹತ್ತಿರದ ನಂಟ.

ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಉಪವಾಸಕ್ಕೆ ಅವರಿಟ್ಟ ಹೆಸರು ‘ದಾರ್ಫಳ್ಣಿಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಬಿಳಿ ಬಟ್ಟೆ ಉಟ್ಟು, ಕದವಿಕ್ಕಿಕೊಂಡು ದಿನ ಕಳೆಯುತ್ತಿದ್ದರು. ಮಾರನೆಯ ದಿನ ‘ಶಿಳಾ ಸಣ್’. ಅವತ್ತು ಕದ ತೆರೆದು ಬಡವರಿಗೆ ದಾನ ಕೊಟ್ಟು, ನೆಂಟರಿಷ್ಟರ ಮನೆಗಳಿಗೆ ಹೋಗುತ್ತಿದ್ದರು. ಆದರೆ ಈ ಪ್ರಾಯಶ್ಚಿತ್ತಕ್ಕೆ ಒಂದು ಷರತ್ತಿದೆ. ದೇವರಿಗೆ ಮಾಡಿದ ತಪ್ಪನ್ನು ಆ ದಿನ ತೊಳೆಯುತ್ತದೆ, ಮನುಷ್ಯನಿಗೆ ಮಾಡಿದ್ದನ್ನು ತೊಳೆಯುವುದಿಲ್ಲ. ಅದಕ್ಕೆ ಅವನ ಮನೆಗೇ ಹೋಗಿ ಕ್ಷಮೆ ಕೇಳಬೇಕು. ಒಪ್ಪದಿದ್ದರೆ ಎರಡನೆಯ ಸಲ, ಮೂರನೆಯ ಸಲ. ಮೂರು ಸಲವೂ ಕದ ತೆರೆಯದಿದ್ದರೆ ಕೇಳಿದವನು ಬಿಡುಗಡೆ, ತಪ್ಪು ಈಗ ಕ್ಷಮಿಸದವನ ಮೇಲೆ.

ಕೇಳುವಷ್ಟರಲ್ಲಿ ಅವನು ತೀರಿಕೊಂಡಿದ್ದರೆ ಅದಕ್ಕೂ ವಿಧಿಯಿದೆ. ಹತ್ತು ಮಂದಿಯನ್ನು ಕರೆದುಕೊಂಡು ಅವನ ಗೋರಿಯ ಹತ್ತಿರ ಹೋಗಿ, ಇವನಿಗೆ ನಾನು ಹೀಗೆ ಮಾಡಿದ್ದೆ ಎಂದು ಎಲ್ಲರೆದುರು ಹೇಳಬೇಕು. ಬಾಗ್ದಾದಿಗಳಲ್ಲಿ ಬಹುತೇಕರು ಪುಣೆ ಬಿಟ್ಟು ಹೋಗಿ ದಶಕಗಳಾದವು. ಅವರು ಕಟ್ಟಿದ ಲಾಲ್ ದೇವಳದಲ್ಲಿ ಈಗ ಪ್ರಾರ್ಥನೆಗೆ ಸೇರುವವರಲ್ಲಿ ಹೆಚ್ಚಿನವರು ಬೆನೆ ಇಸ್ರೇಲರೇ. ಆ ಅಂಗಳದ ಸಮಾಧಿಯ ಪಕ್ಕ ಇವತ್ತು ಹತ್ತು ಮಂದಿ ನಿಲ್ಲಬೇಕಾಗಿ ಬಂದರೆ, ಒಂದು ಕಾಲದಲ್ಲಿ ಎಣಿಕೆಗೆ ಸೇರದವರ ಮಕ್ಕಳು ಮೊಮ್ಮಕ್ಕಳೇ ಬರಬೇಕು.